ದೀಪದ ಸುತ್ತಿನ ಬಳೆ

"ಈ ದೀಪಕ್ಕೆ ಬಣ್ಣದ ಬಳೆ ತೊಡಿಸಿದೋರು ಯಾರು?"

ಶಿತಿಕಂಠಯ್ಯನವರು ಈ ಮಾತನ್ನು ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ. ಎದುರಿಗೆ ನಾವು ಮೂವತ್ತು ಜನ ಕುಳಿತಿದ್ದೆವು. ಆದರೆ ಅವರ ಮುಖ ತಿರುಗಿದ್ದು ವ್ಯಾಸಪೀಠದ ಪಕ್ಕದಲ್ಲಿದ್ದ ಕಂಚಿನ ದೀಪದ ಕಡೆಗೆ. ಒಂದು ಪದ್ಯದ ಕೊನೆಯ ಸಾಲು ಮುಗಿದಿತ್ತು, ಮುಂದಿನದಕ್ಕೆ ಇನ್ನೂ ರಾಗ ಹಿಡಿದಿರಲಿಲ್ಲ. ಆ ನಡುವಿನಲ್ಲಿ ಅವರು ತಮ್ಮಷ್ಟಕ್ಕೆ ಹಾಗೆ ಕೇಳಿ, ಎಡಗೈಯನ್ನು ದೀಪದ ಹತ್ತಿರ ಒಯ್ದು, ಗಾಳಿಯಲ್ಲಿ ಒಂದು ಸುತ್ತು ಸುತ್ತಿಸಿ, ಏನೂ ಸಿಗದೆ ಕೈಯನ್ನು ತೊಡೆಯ ಮೇಲೆ ಇಳಿಸಿದರು. ಆಮೇಲೆ ಏನೂ ಆಗದವರಂತೆ ಮುಂದಿನ ಪದ್ಯ ಓದಿದರು.

ಮೊದಲ ಸಾಲಿನಲ್ಲಿ ಕುಳಿತಿದ್ದ ತುಂಗಭದ್ರಮ್ಮ ಪಕ್ಕದವಳ ಮೊಣಕೈ ತಿವಿದಳು. "ಕೇಳಿದ್ಯಾ? ಅವರಿಗೆ ಪ್ರಭೆ ಕಾಣ್ತಿದೆ ಕಣೆ. ನಮ್ಮಂಥೋರಿಗೆ ಕಾಣೋದು ಬರೀ ಹೊಗೆ."

ಕೊನೆಯ ಸಾಲಿನಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದ ನನಗೂ ಆ ಕ್ಷಣ ಮೈ ಜುಮ್ಮೆಂದಿತು. ದೀಪದ ಸುತ್ತ ಬಣ್ಣದ ಬಳೆ ಕಾಣುವುದು ಕಣ್ಣು ಕೆಡುತ್ತಿರುವುದರ ಕುರುಹು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ನಾವು ಮಾಡಿದ್ದನ್ನು ನೆನೆದರೆ ಈಗಲೂ ನನಗೆ ಬಾಯಲ್ಲಿ ಹುಳಿನೀರು ಬರುತ್ತದೆ.

ನಾನು ಅಕ್ಷರಕ್ಕಿಂತ ಮೊದಲು ಪದ್ಯ ಕಲಿತವಳು. ಬೆಳಗ್ಗೆ ಸ್ನಾನದ ನೀರು ಕಾಯುವವರೆಗೆ ನನ್ನ ತಂದೆ ಹಂಡೆಯ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಪದ್ಯ ಹೇಳುತ್ತಿದ್ದರು. ನಾನು ಸೌದೆ ಮುಂದೂಡುತ್ತಾ ಕೇಳುತ್ತಿದ್ದೆ. ಅರ್ಥವಾಗುತ್ತಿದ್ದುದು ಕಡಿಮೆ. ಆದರೆ ಒಮ್ಮೆ ಕಿವಿಗೆ ಬಿದ್ದದ್ದು ಹೋಗುತ್ತಿರಲಿಲ್ಲ. ತಂದೆ ತೀರಿಕೊಂಡ ಮೇಲೆ, ಮನೆಯಲ್ಲಿ ರವಿಕೆ ಹೊಲಿದುಕೊಂಡು ಒಬ್ಬಳೇ ಇದ್ದ ನನಗೆ ಶಿತಿಕಂಠಯ್ಯನವರ ಪಡಸಾಲೆಯ ಸಂಜೆಯ ವಾಚನವೇ ದಿನದ ಊಟದಂತಿತ್ತು. ಅವರು ಎಪ್ಪತ್ತು ದಾಟಿದ್ದರು. ಕಾವ್ಯ ಪೂರ್ತಿ ಬಾಯಿಗೆ ಬರುತ್ತಿದ್ದರೂ ಪುಸ್ತಕ ನೋಡದೆ ಒಂದು ಪದ್ಯವನ್ನೂ ಹೇಳುತ್ತಿರಲಿಲ್ಲ. "ನೆನಪು ಸೇರಿಸಿಬಿಡುತ್ತೆ ಕಣಮ್ಮ. ಕಣ್ಣು ಸೇರಿಸಲ್ಲ," ಎನ್ನುತ್ತಿದ್ದರು.

ಆ ಪಡಸಾಲೆಯಲ್ಲಿ ಒಂದು ಪದ್ಧತಿಯಿತ್ತು. ವಾಚನ ಶುರುವಾಗುವ ಮೊದಲು ಪುಸ್ತಕವನ್ನು ಕೆಂಪು ರೇಷ್ಮೆಯ ಬಟ್ಟೆಯಿಂದ ಬಿಚ್ಚಿ, ಮೊದಲ ಸಾಲಿನ ಮೊದಲನೆಯವರ ಕೈಗೆ ಕೊಡುತ್ತಿದ್ದರು. ಅವರು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಪಕ್ಕದವರಿಗೆ ಕೊಡಬೇಕು. ಹಾಗೆ ಮೂವತ್ತು ಜೊತೆ ಕಣ್ಣುಗಳನ್ನು ಮುಟ್ಟಿ, ಕೊನೆಗೆ ನನ್ನ ಕೈಗೆ ಬಂದು, ನಾನು ಒತ್ತಿಕೊಂಡು ಎದ್ದು ಹೋಗಿ ಅದನ್ನು ಪೀಠದ ಮೇಲಿಡಬೇಕು. ಪುಸ್ತಕದ ರಟ್ಟು ನನ್ನನ್ನು ತಲುಪುವ ಹೊತ್ತಿಗೆ ಬೆಚ್ಚಗಾಗಿರುತ್ತಿತ್ತು. ಕಾಡಿಗೆ, ಎಣ್ಣೆ, ಬೆವರು, ಯಾರದೋ ಕಣ್ಣಿನ ಗೀಜು, ಎಲ್ಲ ಸೇರಿ ಅದರ ಮೇಲೆ ಜಿಡ್ಡಿನ ಒಂದು ಪದರವೇ ಬೆಳೆದಿತ್ತು. ಆಗ ನನಗೆ ಅದು ಅಸಹ್ಯವೆನ್ನಿಸಿರಲಿಲ್ಲ. ಭಕ್ತಿಗೆ ಹಾಗೊಂದು ವಾಸನೆ ಇರುತ್ತದೆ ಎಂದುಕೊಂಡಿದ್ದೆ.

ಬಳೆಯ ಮಾತಾದ ಹದಿನೈದು ದಿನಕ್ಕೆ ಅವರು ವಾಚನದ ನಡುವೆ ಸಾಲು ತಪ್ಪಿದರು. ಮರುದಿನ ಅವರ ಹೆಂಡತಿ ಭವಾನಮ್ಮ ನನ್ನ ಮನೆಗೆ ಬಂದು, "ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು ಕಣೆ, ನೀನೂ ಬಾ. ಅವರು ಹೇಳೋದು ನನ್ನ ತಲೆಗೆ ಹತ್ತಲ್ಲ," ಎಂದರು. ಮೂವರೂ ಹೋದೆವು. ಬಾಗಿಲಲ್ಲಿ ಚಪ್ಪಲಿ ಕಳುವಾಗುತ್ತವೆಂದು ಯಾರೋ ಹೇಳಿದ್ದರಿಂದ ಭವಾನಮ್ಮ ಮೂರು ಜೊತೆಯನ್ನೂ ಮಡಿಲಲ್ಲಿಟ್ಟುಕೊಂಡು ಹೊರಗೇ ಕುಳಿತರು. ಒಳಗೆ ಹೋದದ್ದು ನಾನು ಮತ್ತು ಅವರು.

ಡಾಕ್ಟರು ನೀಲಗಂಗಮ್ಮ ಎಂಬ ನಡುವಯಸ್ಸಿನ ಹೆಂಗಸು. ಬೆಳಕಿನ ಸಣ್ಣ ಪಟ್ಟಿಯನ್ನು ಕಣ್ಣಿನ ಮೇಲೆ ಹಾಯಿಸಿ, ಬಹಳ ಹೊತ್ತು ನೋಡಿ, ಕುರ್ಚಿ ಹಿಂದಕ್ಕೆ ಸರಿಸಿದರು.

"ಎಡಗಣ್ಣು ಹೋಗಿ ಎಷ್ಟು ವರ್ಷ ಆಯ್ತು?"

"ಅದು ಪೊರೆ ಅಂದ್ಕೊಂಡಿದ್ದೆ."

"ಪೊರೆಯಾಗಿದ್ರೆ ತೆಗೀಬಹುದಿತ್ತು ಯಜಮಾನ್ರೇ. ಇದು ಗ್ಲಾಕೋಮಾ. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಒಣಗ್ತಾ ಬರುತ್ತೆ. ಹೋದದ್ದು ವಾಪಸ್ ಬರಲ್ಲ. ಬಲಗಣ್ಣಲ್ಲಿ ಒಂದು ಕೊಳವೆಯಷ್ಟು ಉಳಿದಿದೆ. ಅದನ್ನಾದ್ರೂ ಉಳಿಸ್ಕೊಳ್ಳೋಣ."

"ಒಂದು ಸಾಲು ಕಂಡ್ರೆ ಸಾಕು ತಾಯಿ," ಎಂದರು ಶಿತಿಕಂಠಯ್ಯನವರು. "ಒಂದೇ ಸಲಕ್ಕೆ ಎರಡು ಸಾಲು ಯಾರೂ ಓದಲ್ಲ."

ಡಾಕ್ಟರು ನಕ್ಕು, ಹೆಬ್ಬೆರಳಿನಷ್ಟು ಪುಟ್ಟ ಒಂದು ಸೀಸೆಯನ್ನು ನನ್ನ ಕೈಗಿಟ್ಟರು. ಹನಿ ಹಾಕುವವಳು ನಾನೇ ಎಂದು ತಿಳಿದು, ಒಂದೊಂದೇ ಮಾತನ್ನು ನಿಲ್ಲಿಸಿ ನಿಲ್ಲಿಸಿ ಹೇಳಿದರು. ದಿನಕ್ಕೆ ಒಂದೇ ಸಲ, ಸಂಜೆ, ಬಲಗಣ್ಣಿಗೆ ಒಂದೇ ಹನಿ. ಎರಡು ಹಾಕಿದರೆ ಎರಡರಷ್ಟು ಗುಣ ಬರುವುದಿಲ್ಲ, ಪದೇ ಪದೇ ಹಾಕಿದರೆ ಇರುವ ಗುಣವೂ ಕುಗ್ಗುತ್ತದೆ. ಹಾಕುವ ಮೊದಲು ಕೈ ತೊಳೆಯಬೇಕು. ಸೀಸೆಯ ಮೂತಿ ಕಣ್ಣಿಗೂ ರೆಪ್ಪೆಗೂ ಬೆರಳಿಗೂ ತಾಗಬಾರದು. ಹಾಕಿದ ಮೇಲೆ ಕಣ್ಣು ಮುಚ್ಚಿಸಿ ಮೂಗಿನ ಪಕ್ಕದ ಮೂಲೆಯನ್ನು ಮೆತ್ತಗೆ ಒತ್ತಿ ಹಿಡಿಯಬೇಕು. ಮುಚ್ಚಳ ತೆಗೆದ ದಿನದಿಂದ ನಾಲ್ಕು ವಾರ. ಆಮೇಲೆ ಉಳಿದಿದ್ದರೂ ಎಸೆದು ಹೊಸದು ತರಬೇಕು.

"ಇನ್ನೊಬ್ಬರ ಕಣ್ಣಿಗೆ ಇದು ಹೋಗ್ಬಾರ್ದು," ಎಂದರು ಕೊನೆಗೆ. "ಹಾಂ, ಇನ್ನೊಂದು. ಎರಡು ಮೂರು ತಿಂಗಳಲ್ಲಿ ಆ ಕಣ್ಣಿನ ರೆಪ್ಪೆಕೂದಲು ಉದ್ದ ಆಗುತ್ತೆ, ದಟ್ಟ ಆಗುತ್ತೆ. ಗಾಬರಿಯಾಗ್ಬೇಡಿ. ಔಷಧಿ ಗುಣವೇ ಹಾಗೆ. ನಿಲ್ಲಿಸಿದ್ರೆ ಮತ್ತೆ ಮೊದಲಿನ ಹಾಗೇ."

ಒಮ್ಮೆ ಕೇಳಿದ್ದನ್ನು ನಾನು ಮರೆಯುವವಳಲ್ಲ ಎಂದೆನಲ್ಲ. ಮರೆತೆ ಎನ್ನುವ ನೆಪ ನನಗಿಲ್ಲ.

ಭವಾನಮ್ಮನ ಕೈ ನಡುಗುತ್ತಿತ್ತು. ಸೂಜಿಗೆ ದಾರ ಪೋಣಿಸುವ ಕೈ ಎಂದು ನನ್ನನ್ನೇ ಆರಿಸಿದರು. ಸಂಜೆ ದೀಪ ಹಚ್ಚಿದ ಮೇಲೆ, ಪುಸ್ತಕ ಬಿಚ್ಚುವ ಮೊದಲು ಹನಿ ಹಾಕುವುದೆಂದಾಯಿತು. ಒಳಗಿನ ಕೋಣೆಯಲ್ಲಿ ಹಾಕಬಹುದಿತ್ತು. ಆದರೆ ಅಲ್ಲಿ ಬೆಳಕು ಸಾಲದು. ಪಡಸಾಲೆಯ ದೀಪದ ಪಕ್ಕದಲ್ಲೇ ಅವರು ತಲೆ ಹಿಂದಕ್ಕೆ ವಾಲಿಸುತ್ತಿದ್ದರು. ಮೂವತ್ತು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಸೀಸೆಯ ಮೂತಿಯಲ್ಲಿ ಹನಿ ತೂಗಾಡುತ್ತಿತ್ತು, ದೀಪದ ಬೆಳಕು ಅದರೊಳಗೆ ತಲೆಕೆಳಗಾಗಿ ಉರಿಯುತ್ತಿತ್ತು. ಬಿದ್ದ ಕೂಡಲೇ ಯಾರೋ ಒಬ್ಬರು ತಡೆಯಲಾರದೆ "ನಮೋ" ಎಂದುಬಿಡುತ್ತಿದ್ದರು. ಕೆನ್ನೆಗಿಳಿದದ್ದನ್ನು ನಾನು ಹತ್ತಿಯಿಂದ ಒರೆಸಿ, ಆ ಹತ್ತಿಯನ್ನು ದಾರಿಯಲ್ಲಿ ಎಸೆಯಲೆಂದು ಸೆರಗಿನ ಗಂಟಿನಲ್ಲಿ ಕಟ್ಟಿಕೊಳ್ಳುತ್ತಿದ್ದೆ. ಸೀಸೆಯನ್ನು ವ್ಯಾಸಪೀಠದ ಅಂಚಿನಲ್ಲಿ ಇಡುತ್ತಿದ್ದೆ. ಅದು ನಾನು ಮಾಡಿದ ಎರಡನೆಯ ತಪ್ಪು. ಮೊದಲನೆಯದನ್ನು ಆಮೇಲೆ ಹೇಳುತ್ತೇನೆ.

ಪೀಠದ ಮೇಲಿದ್ದದ್ದೆಲ್ಲ ನಮಗೆ ಪವಿತ್ರ. ಒಂದು ಸಂಜೆ ಪುಸ್ತಕದ ಜೊತೆಗೆ ಸೀಸೆಯೂ ಮೊದಲ ಸಾಲಿಗೆ ಹೋಯಿತು. ಯಾರು ಎತ್ತಿಕೊಟ್ಟರೋ ತಿಳಿಯದು. ಪುಸ್ತಕವನ್ನು ಒತ್ತಿಕೊಂಡಂತೆಯೇ ಸೀಸೆಯನ್ನೂ ಕಣ್ಣಿಗೊತ್ತಿಕೊಂಡು ಪಕ್ಕಕ್ಕೆ ದಾಟಿಸಿದರು. ಮುಚ್ಚಳ ಹಾಕಿತ್ತು. ನನ್ನ ಕೈಗೆ ಬಂದಾಗ ಅದಕ್ಕೆ ಕುಂಕುಮ ಹತ್ತಿತ್ತು, ಅಷ್ಟೆ. ನಾನು ಸುಮ್ಮನೆ ತೆಗೆದುಕೊಂಡು ಹೋಗಿ ಪೀಠದ ಮೇಲಿಟ್ಟೆ.

ಮೂರನೆಯ ತಿಂಗಳಿಗೆ ಶಿತಿಕಂಠಯ್ಯನವರ ಬಲಗಣ್ಣಿನ ರೆಪ್ಪೆ ಬೆಳೆಯತೊಡಗಿತು. ಎಡಗಣ್ಣು ಬೋಳು, ಸತ್ತ ಮೀನಿನ ಕಣ್ಣಿನಂತೆ ಬಿಳಿಚಿತ್ತು. ಬಲಗಣ್ಣಿಗೆ ಮಾತ್ರ ಹದಿನೆಂಟರ ಹುಡುಗಿಯ ರೆಪ್ಪೆ, ಕಪ್ಪಗೆ, ಉದ್ದಕ್ಕೆ, ತುದಿ ಮೇಲಕ್ಕೆ ಬಾಗಿ. ಸುಕ್ಕುಗಟ್ಟಿದ ಆ ಮುಖದಲ್ಲಿ ಅದನ್ನು ನೋಡಿದರೆ ನನಗೆ ಒಂಥರಾ ಆಗುತ್ತಿತ್ತು, ಬೇರೆಯವರ ಕಣ್ಣನ್ನು ತಂದು ಅಲ್ಲಿ ಅಂಟಿಸಿದಂತೆ. ಸಭೆಗೆ ಹಾಗೆ ಕಾಣಲಿಲ್ಲ.

"ನೋಡ್ರೇ, ನೋಡಿ! ಕಾವ್ಯ ನೋಡೋ ಕಣ್ಣಿಗೆ ಮಾತ್ರ!" ಎಂದಳು ತುಂಗಭದ್ರಮ್ಮ, ಎಲ್ಲರಿಗೂ ಕೇಳಿಸುವಂತೆ. "ಇದಕ್ಕಿಂತ ಸಾಕ್ಷಿ ಬೇಕೇನ್ರೇ ನಿಮಗೆ? ಓದೋ ಕಣ್ಣು ಚಿಗುರ್ತಿದೆ. ಓದದ ಕಣ್ಣು ಒಣಗಿದೆ."

ಶಿತಿಕಂಠಯ್ಯನವರು ನಕ್ಕರು. ಅಲ್ಲವೆಂದು ಹೇಳಲಿಲ್ಲ. ಡಾಕ್ಟರ ಮಾತು ಕೇಳಿದ್ದವರು ಅವರೂ ನಾನೂ ಇಬ್ಬರೇ. ನಾನು ಅವರ ಮುಖ ನೋಡಿದೆ, ಅವರು ಹೇಳಲಿ ಎಂದು. ಅವರು ತಮ್ಮ ಕಿರುಬೆರಳಿನಿಂದ ಆ ರೆಪ್ಪೆಯನ್ನು ಮೆಲ್ಲಗೆ ಮೇಲಕ್ಕೆ ತೀಡಿಕೊಂಡರು. ಆ ಬೆರಳಿನ ಚಲನೆ ನನಗೆ ಇಂದಿಗೂ ಮರೆತಿಲ್ಲ. ದೇವರಂಥ ಮುದುಕ ಕನ್ನಡಿಯ ಮುಂದಿನ ನಟನಾಗಿ ಕಂಡದ್ದು ಆಗಲೇ.

ಆ ವಾರದಿಂದ ಜನ ಹೆಚ್ಚಿದರು. ಪಡಸಾಲೆ ಸಾಲದೆ ಜಗಲಿಯಲ್ಲೂ ಕುಳಿತರು. "ಇವತ್ತು ಜನ ಜಾಸ್ತಿ ಇದ್ದಾರೆ, ಇನ್ನೊಂದು ಹನಿ ಹಾಕಮ್ಮ," ಎಂದು ಅವರು ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು. ನಾನು ಹಾಕುತ್ತಿದ್ದೆ.

ತುಂಗಭದ್ರಮ್ಮನ ಮಗಳು ಪರಿಮಳಳಿಗೆ ಮದುವೆ ಗೊತ್ತಾಗಿತ್ತು. ಒಂದು ಸಂಜೆ ತಾಯಿ ಮಗಳು ಇಬ್ಬರೂ ನನ್ನನ್ನು ಬಾವಿಯ ಕಟ್ಟೆಯ ಹತ್ತಿರ ಹಿಡಿದರು.

"ಆ ಹತ್ತಿ ಕೊಡೇ," ಎಂದಳು ತುಂಗಭದ್ರಮ್ಮ.

"ಯಾವ ಹತ್ತಿ?"

"ಏನೂ ಗೊತ್ತಿಲ್ದೋಳ ಹಾಗೆ ಆಡ್ಬೇಡ. ಒರೆಸಿದ್ದು. ಸೆರಗಲ್ಲಿದೆಯಲ್ಲ." ನನ್ನ ಮುಖದ ಹತ್ತಿರ ಮುಖ ತಂದು ದಿಟ್ಟಿಸಿದಳು. "ನಿನ್ನ ಮುಖಾನೂ ಈಚೆಗೆ ಕಳೆಕಳೆಯಾಗಿದೆ ಬಿಡು. ಒಳ್ಳೇದನ್ನ ಒಬ್ಬಳೇ ಇಟ್ಕೋಬಾರ್ದು."

"ಅದು ಕೊಳಕು ಅಕ್ಕ. ಅವರ ಕಣ್ಣಿನ ನೀರು, ಗೀಜು..."

"ಮಹಾತ್ಮರದ್ದು ಕೊಳಕಾಗುತ್ತೇನೇ?" ಎಂದು ಸೆರಗಿನ ಗಂಟನ್ನು ತಾನೇ ಬಿಚ್ಚಿದಳು. ಹಳದಿಗೆ ತಿರುಗಿದ ಆ ಒದ್ದೆ ಹತ್ತಿಯನ್ನು ಪರಿಮಳಳ ಕಣ್ಣಿನಂಚಿಗೆ ಎಳೆದೆಳೆದು ತೀಡಿದಳು. ಹುಡುಗಿ ಕಣ್ಣು ಮುಚ್ಚಿ, ಬಾಯಿ ಅರೆತೆರೆದು ನಿಂತಿದ್ದಳು. ಬೇಡ ಎನ್ನಲು ಬಾಯಿ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಆಗ ನನಗೆ ನಾನೇ ಹೇಳಿಕೊಂಡ ಕಾರಣ ಬೇರೆ.

ಒಂದು ಹತ್ತಿ ಎಷ್ಟು ಜನಕ್ಕೆ ಸಾಕಾದೀತು? ಸ್ವಲ್ಪ ದಿನದಲ್ಲೇ ಪಡಸಾಲೆಯಲ್ಲಿ ಸೀಸೆ ದಾಟುವ ವೇಗ ಕಡಿಮೆಯಾಯಿತು. ಒಬ್ಬೊಬ್ಬರ ಕೈಯಲ್ಲೂ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಬೆನ್ನು ಬಾಗಿಸಿ, ಸೆರಗು ಮರೆಮಾಡಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನಾನು ಕೊನೆಯವಳು; ಈಗೀಗ ಹನಿ ಹಾಕುವುದೂ ಸೀಸೆ ಸುತ್ತಿ ನನ್ನವರೆಗೆ ಬಂದ ಮೇಲೆಯೇ. ನನಗೆ ಬರುವಾಗ ಮುಚ್ಚಳ ಓರೆಯಾಗಿರುತ್ತಿತ್ತು. ಮೂತಿ ಒದ್ದೆಯಾಗಿ, ಕಾಡಿಗೆಯಿಂದ ಕಪ್ಪಾಗಿರುತ್ತಿತ್ತು. ಒಮ್ಮೆ ಅದಕ್ಕೆ ಒಂದು ಎಳೆ ರೆಪ್ಪೆಕೂದಲು ಅಂಟಿತ್ತು. ಅದನ್ನು ಉಗುರಿನಿಂದ ತೆಗೆದು, ಸೀಸೆಯನ್ನು ಸೆರಗಿನಿಂದ ಒರೆಸಿ, ಅಷ್ಟೂ ಹೆಂಗಸರು ಗಂಡಸರು ನೋಡುತ್ತಿರುವಂತೆಯೇ ಶಿತಿಕಂಠಯ್ಯನವರ ಕಣ್ಣಿಗೆ ಹನಿ ಹಾಕಿದೆ. ಒಂದು ಹನಿಯೂ ನೆಲಕ್ಕೆ ಬೀಳಬಾರದೆಂದು ಮೂತಿಯನ್ನು ರೆಪ್ಪೆಗೆ ಆನಿಸಿ ಹಾಕುವುದು ನನಗೆ ರೂಢಿಯಾಗಿಬಿಟ್ಟಿತ್ತು, ತೀರ್ಥ ಕೊಡುವಾಗ ಉದ್ಧರಣೆಯನ್ನು ಅಂಗೈಗೆ ತಾಗಿಸುವಂತೆ.

ಇಷ್ಟಾದರೂ ಸೀಸೆ ಬರಿದಾಗುತ್ತಿರಲಿಲ್ಲ. ನಾಲ್ಕು ವಾರ ಆಯಿತು, ಎಂಟಾಯಿತು. ಹೊಸದು ತರಬೇಕಲ್ಲ ಎಂದರೆ ಭವಾನಮ್ಮ, "ಇದೆ ಬಿಡೆ, ತುಂಬಿದೆ," ಎನ್ನುತ್ತಿದ್ದರು. ಅಲ್ಲಾಡಿಸಿ ನೋಡಿದರೆ ನಿಜವಾಗಿಯೂ ತುಂಬಿರುತ್ತಿತ್ತು. ಅಕ್ಷಯವಾಗುತ್ತಿದೆ ಎಂದು ಜಗಲಿಯ ಮೇಲೆ ಮಾತಾಯಿತು. ನಾನು ಲೆಕ್ಕ ಬಲ್ಲವಳು, ಅಕ್ಷಯವಾಗುವುದಿಲ್ಲವೆಂದು ಗೊತ್ತಿತ್ತು. ಆದರೆ ಕಿವಿಗೊಟ್ಟು ಕೂರುವುದು ನನ್ನ ಅಭ್ಯಾಸ, ಬಾಯಿ ಬಿಡುವುದಲ್ಲ. ಹಾಗೆಂದುಕೊಂಡು ಕಂಬಕ್ಕೆ ಒರಗಿದೆ.

ಒಂದು ಸಂಜೆ ಕಾವ್ಯದಲ್ಲಿ ಮಳೆಯ ವರ್ಣನೆ ಬಂದಿತ್ತು. ಶಿತಿಕಂಠಯ್ಯನವರು ದನಿಯನ್ನು ಏರಿಸುತ್ತಾ ಹೋಗಿ, ಏರಿದಲ್ಲೇ ನಿಂತುಬಿಟ್ಟರು. ಬೆರಳು ಸಾಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡಿತು. ಕಣ್ಣು ಕೆಂಡದಂತಾಗಿತ್ತು. ಆ ಸುಂದರವಾದ ರೆಪ್ಪೆಗಳ ನಡುವಿನಿಂದ ದಪ್ಪನೆಯ ಹಳದಿ ಕೀವು ಇಳಿದು, ಕೂದಲುಗಳನ್ನು ಒಂದಕ್ಕೊಂದು ಅಂಟಿಸಿ, ಪುಸ್ತಕದ ಮೇಲೆ ತೊಟ್ಟಿಕ್ಕಿತು.

"ದೀಪ ಆರಿತೇ?" ಎಂದು ಕೇಳಿದರು.

ದೀಪ ಉರಿಯುತ್ತಿತ್ತು. ಆಗಲೇ, ನಾನು ಕಣ್ಣಾರೆ ಕಂಡೆ, ಮೊದಲ ಸಾಲಿನಿಂದ ಒಂದು ಕೈ ಹತ್ತಿ ಹಿಡಿದು ಮುಂದಕ್ಕೆ ಚಾಚಿತು, ಕೆನ್ನೆಗಿಳಿಯುತ್ತಿದ್ದುದನ್ನು ಒರೆಸಿಕೊಳ್ಳಲು. ಅವರಿಗಾಗಿ ಅಲ್ಲ. ಒರೆಸಿದ ಹತ್ತಿಯನ್ನು ಆ ಕೈ ಮತ್ತೆ ಸೆರಗಿನೊಳಗೆ ಒಯ್ಯಿತು.

ನಾನು ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ.

ಮರುದಿನ ಬೆಳಗ್ಗೆ ನೀಲಗಂಗಮ್ಮನವರು ಕಣ್ಣನ್ನು ನೋಡಿದರು. ತೊಳೆದರು, ಮತ್ತೆ ನೋಡಿದರು, ಒತ್ತಡ ಅಳೆದರು. ಆಮೇಲೆ ಸೀಸೆ ಕೇಳಿದರು. ಈ ಸಲ ಭವಾನಮ್ಮನೂ ಒಳಗೆ ಬಂದಿದ್ದರು. ಡಾಕ್ಟರು ಸೀಸೆಯನ್ನು ಬೆಳಕಿಗೆ ಹಿಡಿದರು. ಒಳಗೆ ಹಸಿರು ಕಸದಂಥದ್ದು ತೇಲುತ್ತಿತ್ತು. ಮೂಸಿ ನೋಡಿ ಮುಖ ಸಿಂಡರಿಸಿದರು.

"ಇದರಲ್ಲಿ ಏನಿದೆ?"

ಭವಾನಮ್ಮ ಸೆರಗು ಬಾಯಿಗಿಟ್ಟುಕೊಂಡರು. "ತುಳಸಿ ತೀರ್ಥ," ಎಂದರು. "ನಾನೇನ್ ಮಾಡ್ಲಿ ತಾಯಿ? ಹೊಸ ಸೀಸೆ ತಂದ್ರೆ ನಾಲ್ಕು ದಿನಕ್ಕೆ ಖಾಲಿ. ಎಲ್ಲರೂ ಕಣ್ಣಿಗೆ ಒತ್ಕೋತಾರೆ. ಬೇಡ ಅನ್ನೋಕಾಗುತ್ತಾ, ಮನೆಗೆ ಬಂದೋರಿಗೆ? ತೀರ್ಥ ಕೆಟ್ಟದ್ದು ಮಾಡಲ್ಲ ಅಂತ..."

"ಎಷ್ಟು ದಿನದಿಂದ?"

"ಎರಡು ತಿಂಗಳಾಗಿರ್ಬೇಕು."

"ಹಾಗಾದ್ರೆ ಎರಡು ತಿಂಗಳಿಂದ ಇವರ ಕಣ್ಣಿಗೆ ಔಷಧೀನೇ ಬಿದ್ದಿಲ್ಲ. ಬಿದ್ದಿರೋದು ಊರಿನವರ ಕೊಳೆ." ಡಾಕ್ಟರು ದನಿ ಏರಿಸಲಿಲ್ಲ, ಏರಿಸಿದ್ದರೆ ಚೆನ್ನಾಗಿತ್ತು. "ಕರಿಗುಡ್ಡೆ ಮೇಲೆ ಹುಣ್ಣಾಗಿದೆ. ಅದನ್ನ ವಾಸಿ ಮಾಡ್ತೀನಿ, ಆದರೆ ಕಲೆ ಉಳಿಯುತ್ತೆ. ಒತ್ತಡ ಮೊದಲಿಗಿಂತ ಹೆಚ್ಚಾಗಿ ನರಾನೂ ಇನ್ನಷ್ಟು ಒಣಗಿದೆ. ಕೊಳವೆಯಷ್ಟಿದ್ದದ್ದು ಈಗ ಸೂಜಿಯ ಕಣ್ಣಿನಷ್ಟಿದೆ."

"ಸಾಲು?" ಎಂದರು ಶಿತಿಕಂಠಯ್ಯನವರು.

"ಸಾಲು ಕಾಣಲ್ಲ ಯಜಮಾನ್ರೇ. ಬೆಳಕು ಎಲ್ಲಿದೆ ಅಂತ ಗೊತ್ತಾಗುತ್ತೆ. ಔಷಧಿ ಸರಿಯಾಗಿ ಬಿದ್ರೆ ಅಷ್ಟಾದರೂ ಉಳಿಸಿಕೊಳ್ಳಬಹುದು."

ಅವರು ತಲೆಯಾಡಿಸಿದರು. ಡಾಕ್ಟರು ನನ್ನ ಕಡೆ ತಿರುಗಿದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ. ಬೈಯಲಿಲ್ಲ. ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ಎತ್ತಿದರು. ನನ್ನ ಕಣ್ಣಿನ ಮೇಲೆ ದೀಪ ಹಾಯಿಸಿದರು, ಎಡಕ್ಕೆ, ಬಲಕ್ಕೆ.

"ನಿಮ್ಮ ರೆಪ್ಪೆ ಯಾವಾಗಿನಿಂದ ಇಷ್ಟು ದಟ್ಟ?"

ಚಿಕ್ಕಂದಿನಲ್ಲಿ, ಉದುರಿದ ರೆಪ್ಪೆಕೂದಲನ್ನು ಮುಷ್ಟಿಯ ಮೇಲಿಟ್ಟು ಊದಿದರೆ ಬೇಡಿದ್ದು ಸಿಗುತ್ತದೆಂದು ಹುಡುಗಿಯರು ಹೇಳುತ್ತಿದ್ದರು. ನನಗೆ ಬೇಡುವುದು ಬಹಳವಿತ್ತು. ಉದುರುವವರೆಗೆ ಕಾಯದೆ ಕಿತ್ತು ಕಿತ್ತು ಊದಿದೆ. ಬೇಡಿದ್ದೊಂದೂ ಸಿಗಲಿಲ್ಲ; ಕೀಳುವ ಚಟ ಉಳಿಯಿತು, ರೆಪ್ಪೆ ಬೋಳಾಯಿತು. ನನ್ನನ್ನು ನೋಡಲು ಬಂದವರಲ್ಲಿ ಒಬ್ಬಾಕೆ ಎದ್ದು ಹೋಗುವಾಗ ಹೊಸ್ತಿಲಲ್ಲೇ, "ಹುಡುಗಿ ಏನೋ ಸರಿ, ಕಣ್ಣು ಮಾತ್ರ ಹಲ್ಲಿ ಕಣ್ಣು," ಎಂದಿದ್ದಳು. ಅದಾದ ಮೇಲೆ ಯಾರೂ ಬರಲಿಲ್ಲ. ನನಗೆ ಮೂವತ್ತೈದು ದಾಟಿತ್ತು. ಅದೆಲ್ಲ ಮುಗಿದ ಮಾತೆಂದುಕೊಂಡಿದ್ದೆ. ಆದರೆ ಆ ಮೊದಲ ದಿನ, ಡಾಕ್ಟರು ನಗುತ್ತಾ ರೆಪ್ಪೆಯ ಮಾತು ಹೇಳಿದಾಗ, ಉಳಿದ ಎಲ್ಲ ಮಾತಿಗಿಂತ ಅದೇ ನನ್ನ ಕಿವಿಯಲ್ಲಿ ಪದ್ಯದಂತೆ ಕುಳಿತಿತು.

ಮೊದಲ ಸಂಜೆಯ ಹತ್ತಿಯನ್ನೇ ನಾನು ಎಸೆಯಲಿಲ್ಲ. ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ನನ್ನ ರೆಪ್ಪೆಗೆ ತೀಡಿಕೊಂಡೆ. ಇದು ನನ್ನ ಮೊದಲನೆಯ ತಪ್ಪು. ಆಮೇಲೆ ಹತ್ತಿಗೆ ಸಾಕಷ್ಟು ಸಿಗಲೆಂದು ಒಂದರ ಬದಲು ಎರಡು ಹನಿ ಹಾಕತೊಡಗಿದೆ, ಅವರು ಕೇಳುವುದಕ್ಕೂ ಮೊದಲೇ. ಎರಡನೆಯದು ಕೆನ್ನೆಗೆ ಇಳಿಯಲೆಂದೇ ಹಾಕುತ್ತಿದ್ದದ್ದು. ತುಂಗಭದ್ರಮ್ಮ ಹತ್ತಿಯನ್ನು ಕೇಳಿ ಬಂದದ್ದು ಅವರ ಕಣ್ಣನ್ನು ನೋಡಿ ಅಲ್ಲ, ನನ್ನ ಕಣ್ಣನ್ನು ನೋಡಿ. ಅವಳಿಗೆ ಬೇಡ ಎನ್ನಲು ನನಗೆ ಬಾಯಿ ಬಾರದಿದ್ದದ್ದೂ ಅದಕ್ಕೇ.

"ರೆಪ್ಪೆಗೆ ಅಂತಲೇ ಈ ಔಷಧಿ ಕೊಡೋದುಂಟು," ಎಂದರು ಡಾಕ್ಟರು, ನನಗೆ ಮಾತ್ರ ಕೇಳಿಸುವಷ್ಟು ಮೆತ್ತಗೆ. "ಮೊದಲು ಕಣ್ಣು ಪರೀಕ್ಷೆ ಮಾಡ್ತೀವಿ. ಪ್ರತಿ ಸಲಕ್ಕೂ ಹೊಸ ಕುಂಚ. ಮೇಲಿನ ರೆಪ್ಪೆ ಅಂಚಿಗೆ ಮಾತ್ರ ಸವರಬೇಕು. ನೀವು ಕೇಳಿದ್ರೆ ಹೇಳ್ತಿದ್ದೆ. ಕೇಳ್ಬಹುದಿತ್ತಲ್ಲ?"

ಕೇಳಬಹುದಿತ್ತು.

ಪಡಸಾಲೆ ಒಂದೇ ವಾರದಲ್ಲಿ ಬರಿದಾಯಿತು. ಪರಿಮಳಳ ಕಣ್ಣಂಚು ಹುಣ್ಣಾಗಿ, ಅವಳೂ ಡಾಕ್ಟರ ಹತ್ತಿರ ಓಡಾಡಿದಳು. ವಾಸಿಯಾಯಿತು, ಮದುವೆಯೂ ಆಯಿತು. ಅಷ್ಟಿಷ್ಟು ಬೆಳೆದಿದ್ದ ರೆಪ್ಪೆಗಳು ಒಬ್ಬೊಬ್ಬರವೂ ಉದುರಿ ಮೊದಲಿನಂತಾದವು. ತುಂಗಭದ್ರಮ್ಮ ದಾರಿಯಲ್ಲಿ ಸಿಕ್ಕಾಗ ನಾನು ಕೇಳದೆಯೇ, "ನಾವು ಪುಸ್ತಕದ ಹಾಗೆ ಕಣ್ಣಿಗೊತ್ಕೊಂಡಿದ್ದಷ್ಟೇ ಕಣೆ. ಹಾಕ್ತಿದ್ದೋಳು ನೀನು," ಎಂದಳು. ಸುಳ್ಳಲ್ಲ. ಆದರೆ ಹಾಗೆನ್ನುವಾಗಲೂ ಅವಳ ದೃಷ್ಟಿ ನನ್ನ ರೆಪ್ಪೆ ಉದುರಿತೇ ಎಂದು ಅಳೆಯುತ್ತಿತ್ತು.

ನಾನು ಹದಿನೈದು ದಿನ ಆ ಮನೆಯ ಕಡೆ ಹೋಗಲಿಲ್ಲ. ಕನ್ನಡಿಗೆ ಬಟ್ಟೆ ಹೊದಿಸಿಟ್ಟೆ. ಮುಖ ತೊಳೆಯುವಾಗ ಬೆರಳಿಗೆ ರೆಪ್ಪೆಕೂದಲು ತಾಗಿದರೆ ಬಚ್ಚಲಿನ ಪಾಚಿ ಮುಟ್ಟಿದಂತಾಗುತ್ತಿತ್ತು. ಹದಿನಾರನೆಯ ದಿನ ಕೈ ತೊಳೆದುಕೊಂಡು, ಹೊಸ ಸೀಸೆಯೊಂದನ್ನು ಮುದ್ರೆ ಒಡೆಯದೆ ಮಡಿಲಲ್ಲಿಟ್ಟುಕೊಂಡು, ದೀಪ ಹಚ್ಚುವ ಹೊತ್ತಿಗೆ ಹೋದೆ.

ಪಡಸಾಲೆಯಲ್ಲಿ ಅವರೊಬ್ಬರೇ ಇದ್ದರು. ಚಾಪೆಯ ಮೇಲೆ ಅಂಗಾತ ಮಲಗಿದ್ದರು, ತಲೆದಿಂಬಿಲ್ಲದೆ. ಪುಸ್ತಕ ಕೆಂಪು ಬಟ್ಟೆಯೊಳಗೆ ಕಟ್ಟಿದಂತೆಯೇ ಇತ್ತು. ದೀಪ ಉರಿಯುತ್ತಿತ್ತು. ನನ್ನ ಹೆಜ್ಜೆ ಗುರುತು ಹಿಡಿದು, "ಬಾ," ಎಂದರು.

ನಾನು ಕುಳಿತು ಎಲ್ಲವನ್ನೂ ಹೇಳಿದೆ. ಮೊದಲ ದಿನದ ಹತ್ತಿ, ಎರಡನೆಯ ಹನಿ, ಮೂತಿಗೆ ಅಂಟಿದ್ದ ಕೂದಲು. ಜೀವನದಲ್ಲಿ ಅಷ್ಟು ಉದ್ದ ನಾನು ಎಂದೂ ಮಾತಾಡಿರಲಿಲ್ಲ.

"ಗೊತ್ತಿತ್ತು," ಎಂದರು. "ಹನಿ ಕೆನ್ನೆಗೆ ಇಳಿಯೋಕೆ ಮುಂಚೇನೇ ಹತ್ತಿ ಬಂದು ಕಾಯ್ತಿತ್ತು. ನೋವಾಗಬಾರದು ಅಂತ ಒರೆಸೋ ಕೈ ಹಾಗಿರಲ್ಲ."

"ಯಾಕೆ ಹೇಳಲಿಲ್ಲ?"

"ಐವತ್ತು ವರ್ಷ ಓದಿದೀನಿ. ಮೂವತ್ತು ಜನಕ್ಕಿಂತ ಜಾಸ್ತಿ ಯಾವತ್ತೂ ಬರಲಿಲ್ಲ. ರೆಪ್ಪೆ ಬೆಳೆದ ಮೇಲೆ ಜಗಲಿ ತುಂಬಿತು. ಅವರು ನೋಡೋಕೆ ಬರ್ತಿದ್ದಾರೆ, ಕೇಳೋಕಲ್ಲ ಅಂತ ನನಗೆ ತಿಳೀಲಿಲ್ವಾ? ತಿಳಿದಿತ್ತು. ಹೇಸಿಗೆ ಆಗ್ಲಿಲ್ಲ ಆಗ. ಈಗ ಆಗ್ತಿದೆ." ಕೈಯಿಂದ ತಮ್ಮ ಬಲಗಣ್ಣಿನ ರೆಪ್ಪೆ ಮುಟ್ಟಿ ನೋಡಿದರು. "ಇನ್ನೂ ಬೆಳೀತಲೇ ಇದೆ ಹಾಳಾದ್ದು. ಔಷಧಿ ಬಿಡೋ ಹಾಗಿಲ್ಲವಲ್ಲ. ಬೆಳಕು ಎಲ್ಲಿದೆ ಅಂತ ಅಷ್ಟಾದರೂ ಬೇಕಲ್ಲ."

"ಇವತ್ತಿನ ಹನಿ ಯಾರು ಹಾಕ್ತಾರೆ?"

"ನಾನೇ. ಡಾಕ್ಟರು ಕಲಿಸಿಕೊಟ್ಟಿದ್ದಾರೆ."

ತಲೆಯ ಪಕ್ಕದಲ್ಲಿದ್ದ ಸೀಸೆಯನ್ನು ತಡಕಿ ತೆಗೆದುಕೊಂಡರು. ಎಡಗೈಯ ಬೆರಳಿಂದ ಕೆಳರೆಪ್ಪೆಯನ್ನು ಕೆಳಕ್ಕೆಳೆದು, ಆ ಕೈಯ ಮೇಲೆಯೇ ಬಲಗೈಯನ್ನು ಊರಿ, ಸೀಸೆಯನ್ನು ಎತ್ತರದಲ್ಲಿ, ಕಣ್ಣಿಗೆ ತಾಗದಂತೆ ಹಿಡಿದರು. ಹನಿ ಮೂತಿಯಲ್ಲಿ ತೂಗಿತು. ಅದರೊಳಗೆ ದೀಪ ತಲೆಕೆಳಗಾಗಿ ಉರಿಯಿತು, ಸುತ್ತ ಒಂದು ಬಣ್ಣದ ಬಳೆಯೊಂದಿಗೆ. ಬಿತ್ತು. ಹುಬ್ಬಿನ ಮೇಲೆ. ಅವರು ಮತ್ತೆ ಅಳೆದರು. ಎರಡನೆಯದು ಮೂಗಿನ ಬದಿಗೆ ಬಿತ್ತು. ಮೂರನೆಯದು ಕಣ್ಣಿನೊಳಗೆ ಬಿತ್ತು. ಕಣ್ಣು ಮುಚ್ಚಿ ಮೂಲೆಯನ್ನು ಒತ್ತಿ ಹಿಡಿದರು. ಮೊದಲೆರಡು ಹನಿಗಳೂ ಸೇರಿ ಕೆನ್ನೆಯ ಸುಕ್ಕಿನಲ್ಲಿ ನಿಧಾನವಾಗಿ ಕಿವಿಯ ಕಡೆಗೆ ಇಳಿಯತೊಡಗಿದವು. ನನ್ನ ಕೈ ತಾನಾಗಿಯೇ ಸೆರಗಿನ ತುದಿಗೆ ಹೋಗಿತ್ತು.

"ಒರೆಸಲಾ?" ಎಂದೆ.

"ಬೇಡ," ಎಂದರು.